ಪೆಂಡೆಂಟ್ ಬಿಸ್ಕತ್ತಿನ ಹಾಗೆ ಮುರಿಯಿತು, ಏನು ಮಾಡಲಿ?

ಹೋದ ತಿಂಗಳು ಕಂಚಿನ ಮೆಟಲ್ ಕ್ಲೇ ಬಗ್ಗೆ ಬರೆದ ಮೇಲೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಸುಡುವುದು. ಆಕಾರ ಕೊಡುವುದು ಎಲ್ಲರಿಗೂ ಬಂದುಬಿಟ್ಟಿದೆ, ಕಿಲ್ನ್ ಬಾಗಿಲು ಹಾಕಿದ ಮೇಲೆ ಶುರುವಾಗುತ್ತದೆ ಗೋಳು.

ಆ ಸಂಚಿಕೆ ನೋಡದವರಿಗೆ ಒಂದೆರಡು ಮಾತು. ತುಂಬಾ ನಯವಾದ ಕಂಚಿನ ಪುಡಿಗೆ ಅಂಟು ಮತ್ತು ನೀರು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿದ್ದೇ ಮೆಟಲ್ ಕ್ಲೇ. ಬೇಕಾದ ಹಾಗೆ ಲಟ್ಟಿಸಿ, ಕತ್ತರಿಸಿ, ಅಚ್ಚೊತ್ತಿ, ಒಣಗಿಸಿ ಸುಟ್ಟರೆ ಅಂಟು ಉರಿದುಹೋಗಿ ಬರೀ ಲೋಹ ಉಳಿಯುತ್ತದೆ. ಬೆಳ್ಳಿಯ ಕ್ಲೇಯನ್ನು 1990ರ ದಶಕದ ಆರಂಭದಲ್ಲಿ ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿ ತಂದಿತು. ಕಂಚಿನದ್ದು ಬಂದದ್ದು ತಡವಾಗಿ, 2008ರಲ್ಲಿ, ಅಮೆರಿಕದ ಬಿಲ್ ಸ್ಟ್ರೂವ್ ಅವರಿಂದ. ಬೆಳ್ಳಿ ಸಾಧು ಹಸು ಇದ್ದ ಹಾಗೆ, ಹೇಳಿದ ಮಾತು ಕೇಳುತ್ತದೆ. ಕಂಚು ಹಾಗಲ್ಲ, ಗಾಳಿ ತಾಗದ ಹಾಗೆ ಕಾರ್ಬನ್, ಅಂದರೆ ಇದ್ದಿಲಿನಂಥ ಕರಿ ಕಾಳು ತುಂಬಿದ ಪಾತ್ರೆಯಲ್ಲಿ ಹೂತು ಸುಡಬೇಕು.

ಕಿಲ್ನ್‌ಗೆ ನಮ್ಮಲ್ಲಿ ಗೂಡು, ಆವಿಗೆ, ಭಟ್ಟಿ ಎಂದೆಲ್ಲ ಹೆಸರಿದೆ. ಆದರೆ ಮೇಜಿನ ಮೇಲೆ ಕೂರುವ ಕರೆಂಟಿನ ಡಬ್ಬಕ್ಕೆ ಕೊಳ್ಳುವವರು ಮಾರುವವರು ಎಲ್ಲರೂ ಕಿಲ್ನ್ ಅಂತಲೇ ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ಎಲೆಯ ಆಕಾರದ ಪೆಂಡೆಂಟ್ ಮಾಡಿದ್ದೆ. ಪೊಟ್ಟಣದ ಮೇಲೆ ಬರೆದ ಹಾಗೇ ಕಾರ್ಬನ್ನಿನಲ್ಲಿ ಹೂತು 820 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ತೆಗೆದಾಗ ಚೆನ್ನಾಗಿಯೇ ಇತ್ತು, ಉಜ್ಜಿದರೆ ಹೊಳಪೂ ಬಂತು. ಬಳೆಯಂಥ ಕೊಂಡಿ ಸಿಕ್ಕಿಸಲು ಹೋದರೆ ಬಿಸ್ಕತ್ತಿನ ಹಾಗೆ ಎರಡು ತುಂಡಾಯಿತು. ಒಳಗೆಲ್ಲ ಕಂದು ಪುಡಿ. ಎರಡನೇ ಸಲವೂ ಅದೇ ಕಥೆ. ಕ್ಲೇ ಹಳೆಯದಿರಬಹುದಾ? (ಮೈಸೂರಿನ ಓದುಗರು)

ಉತ್ತರ: ಕ್ಲೇ ಮೇಲೆ ಅನುಮಾನ ಪಡಬೇಡಿ, ಅದು ಪಾಪ ಸರಿಯಾಗಿಯೇ ಇದೆ. ನಿಮ್ಮ ಪೆಂಡೆಂಟ್ ಬೆಂದಿಲ್ಲ, ಅಷ್ಟೇ. ಮೇಲಿನ ಹೊಳಪು ನೋಡಿ ಮೋಸಹೋಗಿದ್ದೀರಿ. ಮೈ ಮೊದಲು ಗಟ್ಟಿಯಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿದಿರುತ್ತದೆ, ಗಡಿಬಿಡಿಯಲ್ಲಿ ಕರಿದ ಬೋಂಡದ ಹಾಗೆ.

ಒಳಗೆ ನಡೆಯುವುದು ಏನು ಅಂತ ಗೊತ್ತಾದರೆ ಮಿಕ್ಕಿದ್ದು ಸುಲಭ. ಮಳೆಗಾಲದಲ್ಲಿ ಬೆಲ್ಲದ ಪುಡಿ ಡಬ್ಬಿಯಲ್ಲೇ ಗಟ್ಟಿಯಾಗಿ ಒಂದು ಹೆಂಟೆ ಆಗುತ್ತದಲ್ಲ, ಯಾರೂ ಅದನ್ನು ಕರಗಿಸಿಲ್ಲ, ಆದರೂ ಕಾಳು ಕಾಳಿಗೆ ಅಂಟಿಕೊಂಡಿರುತ್ತದೆ. ಕಂಚಿನ ಪುಡಿಯಲ್ಲೂ ಸುಮಾರಾಗಿ ಹಾಗೆ. ಕರಗುವ ಹಂತಕ್ಕೆ ಸ್ವಲ್ಪ ಕೆಳಗೆ ಗಂಟೆಗಟ್ಟಲೆ ಇಟ್ಟರೆ ಕಣಗಳು ಒಂದನ್ನೊಂದು ಹಿಡಿದುಕೊಂಡು, ನಡುವಿನ ಸಂದು ಮುಚ್ಚಿ, ವಸ್ತು ಕುಗ್ಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿಂಟರಿಂಗ್ ಅಂತಾರೆ. ಸಾಕಷ್ಟು ಕಾವು ಸಿಗದಿದ್ದರೆ ಕಣಗಳು ಕೈ ಹಿಡಿದಿರುತ್ತವೆ, ಅಪ್ಪಿಕೊಂಡಿರುವುದಿಲ್ಲ.

ಈಗ ನಿಮ್ಮ 820ರ ವಿಷಯ. ಪೊಟ್ಟಣದ ಮೇಲಿನ ಸಂಖ್ಯೆ ಸುಳ್ಳಲ್ಲ, ಆದರೆ ಅದು ಅವರ ಕಿಲ್ನ್‌ನಲ್ಲಿ, ಅವರ ಪಾತ್ರೆಯಲ್ಲಿ ಬಂದ ಸಂಖ್ಯೆ. ನಿಮ್ಮ ಕಿಲ್ನ್‌ನ ಪರದೆ ತೋರಿಸುವುದು ಹಿಂದಿನ ಗೋಡೆಯಿಂದ ಚಾಚಿಕೊಂಡಿರುವ ಥರ್ಮೋಕಪಲ್‌ನ (ಬಿಸಿ ಅಳೆಯುವ ಕಡ್ಡಿಯ) ತುದಿಯಲ್ಲಿ ಎಷ್ಟು ಬಿಸಿ ಇದೆ ಅಂತ ಮಾತ್ರ. ಪೆಂಡೆಂಟ್ ಅಲ್ಲಿಲ್ಲವಲ್ಲ! ಅದು ಸ್ಟೀಲ್ ಪಾತ್ರೆಯೊಳಗೆ, ಕಾರ್ಬನ್ನಿನ ರಾಶಿಯ ನಟ್ಟನಡುವೆ ಕಂಬಳಿ ಹೊದ್ದು ಮಲಗಿದೆ. ಪರದೆಯಲ್ಲಿ 820 ಬಿದ್ದ ಕ್ಷಣ ಒಳಗೆ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ, ನೀವು ಕೊಟ್ಟ ಎರಡು ಗಂಟೆಯಲ್ಲಿ ಒಳ್ಳೇ ಪಾಲು ಆ ಕಾವು ಒಳಗೆ ತಲುಪುವುದರಲ್ಲೇ ಕಳೆದುಹೋಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಈ ತಡ ಜಾಸ್ತಿ.

ಹಾಗಾದರೆ ಸುಮ್ನೆ 860ಕ್ಕೆ ಏರಿಸಿಬಿಡಲಾ ಅಂತ ಕೇಳುತ್ತೀರಿ, ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಬೇಡ. ಈ ಕ್ಲೇಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 89 ಪಾಲು ತಾಮ್ರ, 11 ಪಾಲು ತವರ ಇರುತ್ತದೆ. ಬರೀ ತಾಮ್ರ ಕರಗಲು 1085 ಡಿಗ್ರಿ ಬೇಕು, ಬರೀ ತವರ 232ಕ್ಕೇ ನೀರಾಗುತ್ತದೆ, ಎರಡೂ ಸೇರಿದ ಈ ಕಂಚು 830ರ ಆಸುಪಾಸಿನಲ್ಲೇ ಅಲ್ಲಲ್ಲಿ ಕರಗಲು ಶುರು ಮಾಡುತ್ತದೆ. ಪೂರ್ತಿ ಕರಗಲು ಸಾವಿರ ಡಿಗ್ರಿ ಬೇಕು ಅನ್ನುವುದು ನಿಜ, ಆದರೆ ಒಡವೆ ಹಾಳಾಗಲು ಪೂರ್ತಿ ಕರಗಬೇಕಾಗಿಲ್ಲ. ಅಂದರೆ ಬೇಯದೆ ಉಳಿಯುವುದಕ್ಕೂ ಬೆಂದು ಹಾಳಾಗುವುದಕ್ಕೂ ನಡುವೆ ಇರುವುದು ಇಪ್ಪತ್ತು ಮೂವತ್ತು ಡಿಗ್ರಿ. ಕಿಲ್ನ್‌ನ ಪರದೆ ಅಷ್ಟು ಸುಳ್ಳು ಹೇಳುವುದು ಮಾಮೂಲಿ.

ಆದ್ದರಿಂದ ಮೊದಲು ನಿಮ್ಮ ಕಿಲ್ನ್ ಎಷ್ಟು ಸುಳ್ಳು ಹೇಳುತ್ತದೆ ಅಂತ ಕಂಡುಹಿಡಿಯಿರಿ. ಇದಕ್ಕೆ ಅಡುಗೆಮನೆಯ ಉಪ್ಪು ಸಾಕು. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಚಿಟಿಕೆ ಉಪ್ಪನ್ನು ಪುಟ್ಟ ಪಿಂಗಾಣಿ ಬಟ್ಟಲಲ್ಲಿ ಹಾಕಿ, ಮೇಲೆ ಇನ್ನೊಂದು ಬಟ್ಟಲು ಕವುಚಿ, ಯಾವಾಗಲೂ ಬಳಸುವ ಪಾತ್ರೆಯಲ್ಲಿ ಕಾರ್ಬನ್ನಿನ ನಡುವೆ ಹೂಳಿ. ಒಡವೆ ಏನೂ ಇಡಬೇಡಿ. 800ಕ್ಕೆ ಎರಡು ಗಂಟೆ ಸುಡಿ. ತಣ್ಣಗಾದ ಮೇಲೆ ನೋಡಿದರೆ ಉಪ್ಪು ಹರಳು ಹರಳಾಗಿಯೇ ಇದ್ದರೆ ಒಳಗೆ 801 ತಲುಪಿಲ್ಲ. ಮತ್ತೆ 810, ಮತ್ತೆ 820. ಯಾವ ಸಲ ಕರಗಿ ಬಟ್ಟಲ ತಳಕ್ಕೆ ಕಲ್ಲುಸಕ್ಕರೆಯಂತೆ ಹಿಡಿದುಕೊಂಡಿತೋ ಅದೇ ನಿಮ್ಮ ಕಿಲ್ನ್‌ನ ನಿಜವಾದ ಎಂಟುನೂರ ಒಂದು. ಉಪ್ಪಿನ ಆವಿ ಕಿಲ್ನ್‌ನ ತಂತಿಗೆ ಒಳ್ಳೆಯದಲ್ಲ, ಹಾಗಾಗಿ ಇದು ಒಂದೆರಡು ದಿನದ ಪರೀಕ್ಷೆ, ನಿತ್ಯದ ಅಭ್ಯಾಸ ಅಲ್ಲ. ಆ ಕಾರ್ಬನ್ನನ್ನೂ ಒಡವೆಗೆ ಮತ್ತೆ ಬಳಸಬೇಡಿ.

ಆಮೇಲೆ ಪಟ್ಟಿಗಳ ಪರೀಕ್ಷೆ. ಐದು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಒಂದು ಡಜನ್ ಮಾಡಿ ಒಣಗಿಸಿ, ಸೂಜಿಯಿಂದ ನಂಬರ್ ಗೀಚಿ. ಉಪ್ಪು ಕರಗಿದ ಡಿಗ್ರಿಯಿಂದ ಶುರು ಮಾಡಿ, ಒಂದೊಂದು ಸುಡುವಿಕೆಗೆ ಎಂಟೋ ಹತ್ತೋ ಡಿಗ್ರಿ ಏರಿಸುತ್ತಾ, ಪ್ರತಿ ಸಲವೂ ಎರಡು ಪಟ್ಟಿ ಇಡಿ. ಒಂದನ್ನು ಪಾತ್ರೆಯ ನಡುವೆ, ಇನ್ನೊಂದನ್ನು ಬಾಗಿಲ ಕಡೆಗೆ. ತಣ್ಣಗಾದ ಮೇಲೆ ಮೊದಲು ಕಲ್ಲಿನ ಮೇಲೆ ಬೀಳಿಸಿ ಕೇಳಿ. ಬೆಂದ ಕಂಚು ಟಣ್ ಅನ್ನುತ್ತದೆ, ಬೇಯದ್ದು ಹೆಂಚಿನ ಚೂರಿನ ಹಾಗೆ ಟಪ್ ಅನ್ನುತ್ತದೆ. ದೇವರ ಮನೆಯಲ್ಲಿ ಗಂಟೆ ಬಾರಿಸುವ ಮನೆಯವರಿಗೆ ಈ ಪರೀಕ್ಷೆ ನಾನು ಹೇಳಿಕೊಡಬೇಕಾಗಿಲ್ಲ. ಆಮೇಲೆ ಎರಡು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ. ಬೆಂದದ್ದು ಹಟ ಮಾಡುತ್ತಾ ಬಾಗುತ್ತದೆ, ತೀರಾ ಬಾಗಿಸಿದಾಗ ಹೊರಮೈ ಬಿರುಕು ಬಿಡುತ್ತದೆ. ಬೇಯದ್ದು ಬಾಗುವುದೇ ಇಲ್ಲ, ಪಟಕ್ಕನೆ ಮುರಿಯುತ್ತದೆ. ಮುರಿದ ಜಾಗವನ್ನು ಭೂತಕನ್ನಡಿಯಲ್ಲಿ ನೋಡಿ: ಉದ್ದಕ್ಕೂ ಹೊಂಬಣ್ಣ ಇದ್ದರೆ ಗೆದ್ದಿರಿ. ಅಂಚಿನಲ್ಲಿ ಹೊನ್ನು, ನಡುವೆ ಕಂದು ಗೆರೆ ಇದ್ದರೆ ಇನ್ನೂ ಕಾವು ಅಥವಾ ಹೊತ್ತು ಬೇಕು.

ದಯವಿಟ್ಟು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಡಿಗ್ರಿ ಏರಿಸಿದ ದಿನವೇ ಪಾತ್ರೆ ಬದಲಾಯಿಸಿ, ಕಾರ್ಬನ್ನನ್ನೂ ಹೊಸದು ಹಾಕಿದರೆ, ಒಡವೆ ಚೆನ್ನಾಗಿ ಬಂದರೂ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ನನ್ನ ಹಳೇ ಡೈರಿಯಲ್ಲಿ "ಇವತ್ತು ಸೂಪರ್!" ಅಂತ ಬರೆದಿರುವ ಒಂದು ಪುಟ ಇದೆ. ಅವತ್ತು ಏನೇನು ಮಾಡಿದ್ದೆ ಅಂತ ಮಾತ್ರ ಬರೆದಿಲ್ಲ. ಈಗ ಬರೆಯುತ್ತೇನೆ. ನನ್ನ ಕಿಲ್ನ್‌ಗೆ ಚಿಕ್ಕ ಪಾತ್ರೆಯಲ್ಲಿ 826, ದೊಡ್ಡ ಪಾತ್ರೆಯಲ್ಲಿ 838 ಬೇಕು. ಈ ಸಂಖ್ಯೆಗಳನ್ನು ನೀವು ನಕಲು ಮಾಡಬೇಡಿ, ಮಾಡಿದರೆ ಇಷ್ಟು ಹೊತ್ತು ಬರೆದದ್ದೆಲ್ಲ ದಂಡ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಅದಕ್ಕೇ ಅನುಮಾನ. ಅಂಟನ್ನು ಮೊದಲೇ ಸುಟ್ಟಿರಾ? ನೇರವಾಗಿ ಕಾರ್ಬನ್ನಿನಲ್ಲಿ ಹೂತರೆ ಅಂಟು ಉರಿಯಲು ಗಾಳಿ ಸಾಲದೆ ಒಳಗೇ ಇದ್ದಿಲಾಗಿ ಕೂತುಬಿಡಬಹುದು, ಆಗ ಕಣಗಳ ನಡುವೆ ಅದೇ ಅಡ್ಡ. ದಪ್ಪ ಒಡವೆಯಲ್ಲಿ ಈ ತೊಂದರೆ ಜಾಸ್ತಿ. ನಾನು ಎರಡು ಹಂತದಲ್ಲಿ ಸುಡುತ್ತೇನೆ. ಮೊದಲು ಕಾರ್ಬನ್ ಇಲ್ಲದೆ, ಸ್ಟೀಲ್ ಜಾಲರಿಯ ಮೇಲೆ, 300ರಿಂದ 350 ಡಿಗ್ರಿಯಲ್ಲಿ ಅರ್ಧ ಗಂಟೆ, ಹೊಗೆ ನಿಲ್ಲುವ ತನಕ. ಆಗ ಒಡವೆ ಕಪ್ಪಗಾಗಿ, ಹಪ್ಪಳಕ್ಕಿಂತ ಪೆಡಸಾಗಿರುತ್ತದೆ, ಕೈಯಲ್ಲಿ ಎತ್ತಲು ಹೋಗಬೇಡಿ, ಜಾಲರಿ ಸಮೇತ ಪಾತ್ರೆಗೆ ಇಳಿಸಿ. ಕೆಳಗೆ ಎರಡು ಬೆರಳು ಕಾರ್ಬನ್, ಮೇಲೆ ಎರಡು ಬೆರಳು, ಒಡವೆಗಳ ನಡುವೆ ಒಂದು ಬೆರಳು ಜಾಗ. ಪಾತ್ರೆಯನ್ನು ಕಿಲ್ನ್‌ನ ನೆಲದ ಮೇಲೆ ಕೂರಿಸದೆ ಇಟ್ಟಿಗೆ ಚೂರುಗಳ ಮೇಲೆ ಎತ್ತರಿಸಿ ಇಟ್ಟರೆ ಬಿಸಿ ಕೆಳಗಿನಿಂದಲೂ ಸುತ್ತುತ್ತದೆ.

ಮುರಿದ ಎಲೆಯನ್ನು ಎಸೆಯಬೇಡಿ. ಬೇಯದ ಕಂಚನ್ನು ಮತ್ತೆ ಸುಡಬಹುದು. ಮುರಿದ ಅಂಚಿಗೆ ಹೊಸ ಕ್ಲೇಯನ್ನು ನೀರು ನೀರಾಗಿ ಹಚ್ಚಿ, ಜೋಡಿಸಿ, ಒಣಗಿಸಿ ಸುಡಿ. ಹತ್ತರಲ್ಲಿ ಕೆಲವು ಉಳಿಯುತ್ತವೆ. ಮಚ್ಚೆ ಕಾಣಿಸುತ್ತದೆ, ಅದನ್ನು ಎಲೆಯ ನಡುನರ ಅಂತ ಹೇಳಿಕೊಳ್ಳಿ.

ಪ್ರಶ್ನೆ: ಕಾರ್ಬನ್ ಅಂದರೆ ಇಸ್ತ್ರಿ ಪೆಟ್ಟಿಗೆಗೆ ಹಾಕುವ ಇದ್ದಿಲು ನಡೆಯುತ್ತದಾ? ಪಾತ್ರೆಗೆ ಮನೆಯ ಸ್ಟೀಲ್ ಡಬ್ಬಿ ಸಾಕಾ? (ತಿಪಟೂರು)

ಉತ್ತರ: ತಿಪಟೂರಿನಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ನಿಮಗೆ ಬೇಕಾದ್ದು ತೆಂಗಿನ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್, ನೀರಿನ ಫಿಲ್ಟರಿಗೂ ಮೀನಿನ ತೊಟ್ಟಿಗೂ ಹಾಕುವಂಥದ್ದು. ಕಲ್ಲಿದ್ದಲಿನಿಂದ ಮಾಡಿದ್ದೂ ಸಿಗುತ್ತದೆ, ಕೆಲವರು ಅದನ್ನೇ ಮೆಚ್ಚುತ್ತಾರೆ. ಯಾವುದಾದರೂ ಸರಿ, ಆದರೆ ಒಂದರಿಂದ ಇನ್ನೊಂದಕ್ಕೆ ಹೋದರೆ ಪಟ್ಟಿಯ ಪರೀಕ್ಷೆ ಮತ್ತೆ ಮಾಡಲೇಬೇಕು, ಯಾಕೆಂದರೆ ಎರಡರ ನಡತೆ ಒಂದೇ ಅಲ್ಲ. ರವೆಗಿಂತ ದಪ್ಪ, ಸಾಸಿವೆಯಷ್ಟು ಕಾಳಿದ್ದರೆ ಒಳ್ಳೆಯದು. ತೀರಾ ನುಣ್ಣನೆ ಪುಡಿ ಒತ್ತಾಗಿ ಕೂತುಬಿಡುತ್ತದೆ, ಒಡವೆ ಕುಗ್ಗುವಾಗ ಅದಕ್ಕೆ ಜಾಗ ಬಿಡುವುದಿಲ್ಲ. ಇಸ್ತ್ರಿ ಇದ್ದಿಲು ಬೇಗ ಉರಿದು ಬೂದಿಯಾಗುತ್ತದೆ, ಬೂದಿ ಒಡವೆಗೆ ಅಂಟುತ್ತದೆ.

ಕಾರ್ಬನ್ನಿನ ಕೆಲಸ ಒಂದೇ: ಒಳಗಿರುವ ಆಮ್ಲಜನಕವನ್ನು ತಾನು ತಿಂದು ಕಂಚಿಗೆ ಸಿಗದ ಹಾಗೆ ನೋಡಿಕೊಳ್ಳುವುದು. ಹಾಗಾಗಿ ಪ್ರತಿ ಸಲವೂ ಮೇಲ್ಪದರ ಸ್ವಲ್ಪ ಬೂದಿಯಾಗಿರುತ್ತದೆ. ಅದನ್ನು ತೆಗೆದು ಹೊಸದು ಸೇರಿಸಿ.

ಮನೆಯ ತೆಳು ಸ್ಟೀಲ್ ಡಬ್ಬಿ ನಾಲ್ಕೈದು ಸಲಕ್ಕೆ ಸೊಟ್ಟಗಾಗಿ ಕಪ್ಪು ಚಕ್ಕೆ ಉದುರಿಸಲು ಶುರು ಮಾಡುತ್ತದೆ, ಆ ಚಕ್ಕೆ ಕಿಲ್ನ್ ತಂತಿಯ ಮೇಲೆ ಬಿದ್ದರೆ ತಂತಿಗೂ ಕುತ್ತು. ಹೋಟೆಲಿನಲ್ಲಿ ಪಲ್ಯ ಸಾರು ಬಿಸಿಯಾಗಿಡುವ ಆಯತಾಕಾರದ ದಪ್ಪ ಪಾತ್ರೆ ಇದೆಯಲ್ಲ, ಅದರ ಚಿಕ್ಕ ಅಳತೆಯದು ಮುಚ್ಚಳ ಸಮೇತ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ನನ್ನದು ಅದೇ.

ಪ್ರಶ್ನೆ: ಬೆಳ್ಳಿ ಕ್ಲೇಯನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟಿದ್ದೇನೆ. ಕಂಚನ್ನೂ ಹಾಗೇ ಸುಡಬಹುದಾ? (ಶಿವಮೊಗ್ಗ)

ಉತ್ತರ: ಇಲ್ಲ. ಬೆಳ್ಳಿಗೆ ಗಾಳಿ ತಾಗಿದರೆ ಏನೂ ಆಗುವುದಿಲ್ಲ. ಕಂಚಿನ ಪುಡಿಗೆ ಬಿಸಿಯಲ್ಲಿ ಗಾಳಿ ತಾಗಿದರೆ ಪ್ರತಿ ಕಣದ ಮೇಲೂ ಕಿಲುಬಿನ ಪೊರೆ ಕಟ್ಟುತ್ತದೆ, ಆಮೇಲೆ ಎಷ್ಟು ಸುಟ್ಟರೂ ಅವು ಕೂಡಿಕೊಳ್ಳುವುದಿಲ್ಲ. ಅಂಟು ಸುಡುವ ಮೊದಲ ಹಂತಕ್ಕೆ ಮಾತ್ರ ಒಲೆ ಬಳಸಬಹುದು, ಸಣ್ಣ ಉರಿಯಲ್ಲಿ, ಜಾಲರಿಯ ಮೇಲೆ, ಕಿಟಕಿ ತೆಗೆದು.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ ಮೇಡಂ. ಕಿವಿಯೋಲೆ ತುಂಬಾ ಗುಳ್ಳೆ ಗುಳ್ಳೆ, ಅಂಚಿನಲ್ಲಿ ಬೆಳ್ಳನೆಯ ಪುಟ್ಟ ಮಣಿಗಳು ಬೆವರಿನ ಹಾಗೆ ಕೂತಿವೆ. ಒಂದು ಓಲೆ ಇನ್ನೊಂದಕ್ಕೆ ಅಂಟಿಕೊಂಡೇ ಬಿಟ್ಟಿದೆ. (ಹುಬ್ಬಳ್ಳಿ)

ಉತ್ತರ: ಬೆವರು ಅಂದಿರಲ್ಲ, ಸರಿಯಾದ ಮಾತು. ಕಾವು ಮಿತಿ ದಾಟಿದಾಗ ತವರ ಜಾಸ್ತಿ ಇರುವ ಭಾಗ ಮೊದಲು ನೀರಾಗಿ ಮೈಯಿಂದ ಹೊರಗೆ ಬರುತ್ತದೆ, ಅದೇ ಆ ಮಣಿಗಳು. ಗುಳ್ಳೆಗೆ ಎರಡು ಕಾರಣ ಇರಬಹುದು. ಒಂದು ಇದೇ ಅತಿ ಕಾವು. ಇನ್ನೊಂದು, ಲಟ್ಟಿಸುವಾಗ ಒಳಗೆ ಸಿಕ್ಕಿಹಾಕಿಕೊಂಡ ಗಾಳಿ, ಅದು ಬಿಸಿಗೆ ಉಬ್ಬಿ ಪೂರಿಯಾಗುತ್ತದೆ. ಮಣಿಗಳೂ ಇವೆ ಅಂದಮೇಲೆ ನಿಮ್ಮದು ಅತಿ ಕಾವೇ.

ಹತ್ತು ಡಿಗ್ರಿ ಇಳಿಸಿ ಪಟ್ಟಿ ಸುಡಿ, ಆಮೇಲೂ ಹಾಗೇ ಆದರೆ ಇನ್ನೂ ಹತ್ತು. ಹೊತ್ತನ್ನು ಕಡಿಮೆ ಮಾಡಬೇಡಿ. ಬಹಳ ಜನ ಮಾಡುವ ತಪ್ಪು ಇದು, ಡಿಗ್ರಿ ಹಾಗೇ ಇಟ್ಟು ಒಂದು ಗಂಟೆಗೇ ತೆಗೆಯುತ್ತಾರೆ, ಆಗ ಹೊರಗೆ ಕರಗಿ ಒಳಗೆ ಬೇಯದ ಒಡವೆ ಸಿಗುತ್ತದೆ, ಎರಡೂ ದರಿದ್ರ ಒಂದರಲ್ಲೇ. ಕಡಿಮೆ ಕಾವು, ಜಾಸ್ತಿ ಹೊತ್ತು, ಅದೇ ಕ್ಷೇಮ. ಪಾತ್ರೆಯನ್ನು ತಂತಿ ಇರುವ ಗೋಡೆಗೆ ಒತ್ತಿ ಇಟ್ಟಿದ್ದೀರಾ ಅಂತಲೂ ನೋಡಿ. ಒಂದು ಓಲೆ ಚೆನ್ನಾಗಿ ಬಂದು ಪಕ್ಕದ್ದು ಮಾತ್ರ ಬೆವರಿದ್ದರೆ ಕಾರಣ ಅದೇ.

ಅಂಟಿಕೊಂಡ ಜೋಡಿಯನ್ನು ಗರಗಸದಲ್ಲಿ ಬಿಡಿಸಲು ಹೋಗಬೇಡಿ. ನನ್ನ ಹತ್ತಿರ ಅಂಥದ್ದು ಒಂದಿದೆ, ಅದನ್ನೇ ಪೆಂಡೆಂಟ್ ಮಾಡಿ ಹಾಕಿಕೊಂಡರೆ ಎಲ್ಲಿ ಮಾಡಿಸಿದಿರಿ ಅಂತ ಕೇಳುತ್ತಾರೆ.

ಪ್ರಶ್ನೆ: ಕ್ಲೇಯಲ್ಲೇ ಕಲ್ಲು ಕೂರಿಸಿ ಸುಡಬಹುದಾ? ಮುತ್ತು, ಹವಳ? (ಹಾಸನ)

ಉತ್ತರ: ವಜ್ರದ ಹಾಗೆ ಹೊಳೆಯುವ ಕೃತಕ ಕಲ್ಲು ಕ್ಯೂಬಿಕ್ ಜಿರ್ಕೋನಿಯಾ ತಡೆಯುತ್ತದೆ, ಪಾತ್ರೆ ತಾನಾಗಿ ತಣ್ಣಗಾಗುವ ತನಕ ಮುಟ್ಟದಿದ್ದರೆ. ಕಾರ್ಖಾನೆಯಲ್ಲಿ ಬೆಳೆಸಿದ ಕೆಂಪು, ನೀಲದ ಕಲ್ಲುಗಳೂ ಸಾಮಾನ್ಯವಾಗಿ ಉಳಿಯುತ್ತವೆ. ಮುತ್ತು ಹವಳ ಇಟ್ಟರೆ ಸುಣ್ಣ ಸಿಗುತ್ತದೆ, ವೀಳ್ಯದೆಲೆಗೆ ಬೇಕಾದರೆ ಸರಿ. ಅವನ್ನು ಸುಟ್ಟ ಮೇಲೆ ಕೂರಿಸಿ.

ಪ್ರಶ್ನೆ: ನಮ್ಮ ಊರಲ್ಲಿ ಕುಂಬಾರರ ಆವಿಗೆ ಇದೆ. ಅದರಲ್ಲಿ ಕಂಚಿನ ಕ್ಲೇ ಸುಡುವ ಪ್ರಯೋಗ ಮಾಡಬೇಕು ಅಂತ ಆಸೆ. ಹುಚ್ಚು ಅನ್ನಬೇಡಿ. (ಖಾನಾಪುರ ತಾಲ್ಲೂಕು)

ಉತ್ತರ: ಹುಚ್ಚು ಅನ್ನುವುದಿಲ್ಲ, ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಯೋಚಿಸಿ ನೋಡಿ, ಗಾಳಿಯಾಡದ ಹಾಗೆ ಮುಚ್ಚಿ ಸುಡುವುದು ನಮಗೆ ಹೊಸದೇ? ಕುಂಬಾರರು ಮಡಕೆ ಕಪ್ಪಾಗಬೇಕಾದರೆ ಕೊನೆಯಲ್ಲಿ ಆವಿಗೆಯ ಬಾಯಿ ಮುಚ್ಚಿ ಹೊಗೆ ಒಳಗೇ ನಿಲ್ಲಿಸುತ್ತಾರೆ. ಆಯುರ್ವೇದದವರು ಭಸ್ಮ ಮಾಡಲು ಎರಡು ಮಣ್ಣಿನ ಶರಾವೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸಂದಿಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಬೆರಣಿಯ ಬೆಂಕಿಯಲ್ಲಿ ಪುಟ ಹಾಕುತ್ತಾರೆ. ನಮ್ಮ ಕಾರ್ಬನ್ ಪಾತ್ರೆ ಇದರದ್ದೇ ಸ್ಟೀಲ್ ರೂಪ.

ನೀವು ಮಾಡಬೇಕಾದ್ದೂ ಅದನ್ನೇ. ಅಂಟನ್ನು ಮನೆಯಲ್ಲೇ ಮೊದಲು ಸುಟ್ಟುಕೊಳ್ಳಿ. ಸುಟ್ಟ ಮಣ್ಣಿನ ಕುಡಿಕೆಯಲ್ಲಿ ಕಾರ್ಬನ್ ತುಂಬಿ, ನಡುವೆ ಪಟ್ಟಿ ಹೂತು, ಮುಚ್ಚಳ ಹಾಕಿ, ಸಂದಿಗೆ ಹೊಟ್ಟು ಬೆರೆಸಿದ ಮಣ್ಣು ಮೆತ್ತಿ, ಸೂಜಿಯಷ್ಟು ತೂತು ಬಿಡಿ. ಪೂರ್ತಿ ಬಿಗಿದರೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳ ಸಿಡಿಯಬಹುದು. ಇಂಥ ಕುಡಿಕೆಗಳನ್ನು ಐದಾರು ಮಾಡಿ ಆವಿಗೆಯ ಬೇರೆ ಬೇರೆ ಜಾಗದಲ್ಲಿ ಇಡಿಸಿ: ತಳ, ನಡು, ಅಂಚು. ಪ್ರತಿ ಕುಡಿಕೆಯ ಪಕ್ಕದಲ್ಲಿ ಉಪ್ಪಿನ ಬಟ್ಟಲು ಒಂದೊಂದು. ಎಲ್ಲಿ ಉಪ್ಪು ಕರಗಿದೆಯೋ ಆ ಜಾಗಕ್ಕೆ 801 ಸಿಕ್ಕಿದೆ, ಮುಂದಿನ ಸಲ ಒಡವೆ ಅಲ್ಲಿಗೆ.

ಕಷ್ಟ ಎಲ್ಲಿ ಅಂದರೆ ಹೊತ್ತಿನಲ್ಲಿ. ಆವಿಗೆ ತುದಿಗೆ ಏರಿ ಬೇಗ ಇಳಿಯುತ್ತದೆ, ಎರಡು ಮೂರು ಗಂಟೆ ಒಂದೇ ಕಾವಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ತೆಳು, ಚಿಕ್ಕ ಒಡವೆಗಳಿಂದ ಶುರು ಮಾಡಿ. ಅರ್ಧಕ್ಕರ್ಧ ಹಾಳಾಗುತ್ತವೆ ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮತ್ತೆ, ಕುಂಬಾರರ ಇಡೀ ತಿಂಗಳ ದುಡಿಮೆ ಆ ಆವಿಗೆಯಲ್ಲಿ ಇರುತ್ತದೆ, ನಿಮ್ಮ ಕುಡಿಕೆ ಸಿಡಿದು ಅವರ ಮಡಕೆ ಒಡೆದರೆ ಲೆಕ್ಕ ನೀವು ಕೊಡಬೇಕು, ಮೊದಲೇ ಮಾತಾಡಿಕೊಳ್ಳಿ. ಫಲ ಏನಾಯಿತು ಅಂತ ಖಂಡಿತ ಬರೆಯಿರಿ.

ಪ್ರಶ್ನೆ: ಸುಡುತ್ತಿರುವಾಗ ಕರೆಂಟ್ ಹೋದರೆ? ನಮ್ಮಲ್ಲಿ ದಿನಾ ಹೋಗುತ್ತದೆ. (ರಾಯಚೂರು)

ಉತ್ತರ: ಬಾಗಿಲು ತೆಗೆಯಬೇಡಿ, ಅಷ್ಟೇ. ಕಾರ್ಬನ್ನಿನಲ್ಲಿ ಹೂತಿರುವ ತನಕ ಒಡವೆಗೆ ಅಪಾಯ ಇಲ್ಲ. ಕರೆಂಟ್ ಹತ್ತು ನಿಮಿಷದಲ್ಲಿ ಬಂದರೆ ಮುಂದುವರಿಸಿ, ಕಳೆದ ಹೊತ್ತಿಗೆ ಅರ್ಧ ಗಂಟೆ ಸೇರಿಸಿ. ರಾತ್ರಿಯೆಲ್ಲ ಬರದಿದ್ದರೆ ಮರುದಿನ ಮೊದಲಿನಿಂದ ಸುಡಿ, ಎರಡು ಸಲ ಸುಟ್ಟರೆ ಕಂಚು ಕೆಡುವುದಿಲ್ಲ. ಆದರೆ ಕೆಲವು ಕಿಲ್ನ್‌ಗಳು ಕರೆಂಟ್ ಬಂದ ಕೂಡಲೇ ತಾವಾಗಿ ಶುರುವಾಗುತ್ತವೆ, ಕೆಲವು ಆಗುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಖಾಲಿ ಕಿಲ್ನ್‌ನಲ್ಲಿ ಸ್ವಿಚ್ ಆರಿಸಿ ಹಾಕಿ ನೋಡಿಕೊಳ್ಳಿ. ಇನ್ವರ್ಟರ್‌ಗೆ ಸಿಕ್ಕಿಸುವ ಯೋಚನೆ ಬೇಡ. ಚಿಕ್ಕ ಕಿಲ್ನ್ ಕೂಡ ಗೀಸರಿನಷ್ಟು ಎಳೆಯುತ್ತದೆ, ಗೀಸರಿಗೆ ಹಾಕುವಂಥ ದೊಡ್ಡ ಪ್ಲಗ್ಗೇ ಬೇಕು.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಳಗಿನ ಕೋಣೆಯಲ್ಲಿ ಕಿಲ್ನ್ ಇಟ್ಟಿದ್ದೇನೆ. ಹೊಗೆ ಬರುವುದಿಲ್ಲ, ವಾಸನೆಯೂ ಇಲ್ಲ, ಹಾಗಾಗಿ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ಇವತ್ತೇ ಸರಿಮಾಡಿ. ಗಾಳಿ ಸಾಲದೆ ಕಾರ್ಬನ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಚಳಿಗಾಲದಲ್ಲಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನುವ ಸುದ್ದಿ ಓದುತ್ತೇವಲ್ಲ, ಅದೇ ಅನಿಲ. ಕಿಲ್ನ್ ಅನ್ನು ಯುಟಿಲಿಟಿಗೋ ಬಾಲ್ಕನಿಗೋ ಸಾಗಿಸಿ, ಮನೆಯೊಳಗಿನ ಬಾಗಿಲು ಮುಚ್ಚಿ, ಹೊರಗಿನದು ತೆರೆದಿಡಿ. ಮಾನಾಕ್ಸೈಡ್ ಅಲಾರಂ ಅಂತ ಸಿಗುತ್ತದೆ, ತಗೊಳ್ಳಿ. ತಲೆನೋವು, ವಾಕರಿಕೆ ಬಂದರೆ ಕಿಲ್ನ್ ನೋಡಲು ಹೋಗಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ.

ಇನ್ನೂ ಒಂದು. ಪಾತ್ರೆ ಪೂರ್ತಿ ತಣ್ಣಗಾಗದೆ ಕಾರ್ಬನ್ ಹೊರಗೆ ಸುರಿಯಬೇಡಿ. ನಾನು ಒಮ್ಮೆ ಕೈಗೆ ಉಗುರು ಬೆಚ್ಚಗೆ ಅನ್ನಿಸಿತು ಅಂತ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದೆ. ನಡುವಿನ ಕಾರ್ಬನ್ ಇನ್ನೂ ಕೆಂಡವಾಗಿತ್ತು, ಗಾಳಿ ತಾಗಿದ್ದೇ ನಿಗಿನಿಗಿ ಅಂದಿತು, ಬಕೆಟ್ಟಿನ ತಳ ನೆಲಕ್ಕೆ ಅಂಟಿಕೊಂಡು ಹೋಯಿತು. ಆ ಟೈಲ್ ಮೇಲೆ ಈಗಲೂ ಒಂದು ಗಿಡದ ಕುಂಡ ಇಟ್ಟಿದ್ದೇನೆ, ಅತ್ತೆಯವರಿಗೆ ಕಾಣದಿರಲಿ ಅಂತ.

ಪ್ರಶ್ನೆ: ನನ್ನ ಉಂಗುರ ಕಿಲ್ನ್‌ನಿಂದ ನವಿಲುಗರಿಯ ಬಣ್ಣದಲ್ಲಿ ಬಂತು. ಅದೇ ಬಣ್ಣ ಮತ್ತೆ ಬರಿಸುವುದು ಹೇಗೆ? ಉಳಿಸಿಕೊಳ್ಳುವುದು ಹೇಗೆ? (ಧಾರವಾಡ)

ಉತ್ತರ: ಮೊದಲ ಪ್ರಶ್ನೆಗೆ ನಿಜವಾದ ಉತ್ತರ: ಬೇಕು ಅಂದಾಗ ಬರುವುದಿಲ್ಲ. ಆ ಬಣ್ಣ ಬಳಿದದ್ದಲ್ಲ. ಮೈ ಮೇಲೆ ಕಟ್ಟಿದ ತೀರಾ ತೆಳು ಆಕ್ಸೈಡ್ ಪೊರೆಯಲ್ಲಿ ಬೆಳಕು ಆಟವಾಡುವುದು, ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹರಡಿದಾಗ ಕಾಣುತ್ತದಲ್ಲ, ಹಾಗೆ. ಪೊರೆಯ ದಪ್ಪ ಸ್ವಲ್ಪ ಬದಲಾದರೂ ನೇರಳೆ ಇದ್ದದ್ದು ಹೊನ್ನಾಗುತ್ತದೆ. ಮೇಲ್ಪದರಕ್ಕೆ ಹತ್ತಿರ ಇಟ್ಟ ಒಡವೆಗೂ ಆಳದಲ್ಲಿ ಇಟ್ಟದ್ದಕ್ಕೂ ಬೇರೆ ಬೇರೆ ಬಣ್ಣ ಬರುವುದನ್ನು ನೋಡಿದ್ದೇನೆ. ಸುಡುವ ಮೊದಲೇ ಒಡವೆಯ ಮೈಯನ್ನು ನುಣ್ಣಗೆ ತಿಕ್ಕಿಟ್ಟರೆ ಬಣ್ಣ ಎದ್ದು ಕಾಣುತ್ತದೆ, ಯಾಕೆಂದರೆ ಸುಟ್ಟ ಮೇಲೆ ಉಜ್ಜಿದರೆ ಬಣ್ಣವೇ ಹೋಗುತ್ತದೆ.

ಉಳಿಸಿಕೊಳ್ಳಲು ಮೇಣ ಇಲ್ಲವೇ ಲ್ಯಾಕರ್ ಹಚ್ಚಬಹುದು, ಆದರೆ ಪಾತ್ರೆ ತೊಳೆಯುವ ಕೈಯ ಉಂಗುರದಲ್ಲಿ ಅದು ತಿಂಗಳೂ ಬಾಳುವುದಿಲ್ಲ. ಬಣ್ಣ ಬಂದ ದಿನ ಓಲೆ, ಪೆಂಡೆಂಟ್ ಮಾಡಿ. ಉಂಗುರಕ್ಕೆ ಹಳದಿ ಹೊಳಪೇ ಲಾಯಕ್ಕು. ಉಂಗುರ ಮಾಡುವವರಿಗೆ ಇನ್ನೊಂದು ಎಚ್ಚರ, ಸುಟ್ಟಾಗ ಕ್ಲೇ ಸುಮಾರು ಐದನೇ ಒಂದು ಪಾಲು ಕುಗ್ಗಬಹುದು, ಒಂದೊಂದು ಕಂಪನಿಯದು ಒಂದೊಂದು ಥರ, ಪಟ್ಟಿ ಸುಡುವಾಗಲೇ ಮೊದಲ ಉದ್ದ, ಆಮೇಲಿನ ಉದ್ದ ಅಳೆದು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಇದನ್ನು ಕಂಚು ಅನ್ನುವುದು ಸರಿಯಾ? ನಮ್ಮ ಅಜ್ಜಿಯ ಕಂಚಿನ ತಟ್ಟೆ ಕೈತಪ್ಪಿ ಬಿದ್ದರೆ ಒಡೆಯುತ್ತಿತ್ತು. ನಿಮ್ಮ ಕಂಚು ಬಾಗುತ್ತದೆ ಅನ್ನುತ್ತೀರಿ. (ಉಡುಪಿ)

ಉತ್ತರ: ಎರಡೂ ಕಂಚೇ. ಅಜ್ಜಿಯ ತಟ್ಟೆಯಲ್ಲಿ ತವರ ನೂರಕ್ಕೆ ಸುಮಾರು 22 ಪಾಲು, ಗಂಟೆಯ ಲೋಹವೂ ಹೆಚ್ಚುಕಡಿಮೆ ಅದೇ. ತವರ ಜಾಸ್ತಿಯಾದಷ್ಟೂ ನಾದ ಚೆನ್ನ, ಆದರೆ ಪೆಡಸು. ಕ್ಲೇಯಲ್ಲಿ ಇರುವುದು ಅದರ ಅರ್ಧ, ಅದಕ್ಕೇ ಬಾಗುತ್ತದೆ.

ಪ್ರಶ್ನೆ: ಕಂಚಿನ ಸರ ಹಾಕಿದ ದಿನ ಕುತ್ತಿಗೆ ಹಸಿರಾಗುತ್ತದೆ. ಸರಿಯಾಗಿ ಸುಟ್ಟಿಲ್ಲ ಅಂತಲಾ? (ಮಂಗಳೂರು)

ಉತ್ತರ: ಸುಟ್ಟದ್ದಕ್ಕೂ ಇದಕ್ಕೂ ಹೆಚ್ಚು ಸಂಬಂಧ ಇಲ್ಲ. ತಾಮ್ರಕ್ಕೆ ಬೆವರು ತಾಗಿದರೆ ಹಸಿರು ಬಿಡುತ್ತದೆ, ಮಂಗಳೂರಿನ ಸೆಕೆಗೆ ಕೇಳಬೇಕಾ? ಸೋಪು ಹಾಕಿ ತೊಳೆದರೆ ಹೋಗುತ್ತದೆ. ಸರದ ಹಿಂಬದಿಗೆ ಮೇಣ ಹಚ್ಚಿ, ಕಿವಿಯ ಕೊಕ್ಕೆಯನ್ನು ಮಾತ್ರ ಬೆಳ್ಳಿಯದು ಹಾಕಿ. ಒಡವೆ ಕಪ್ಪಾದಾಗ ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿ, ದೇವರ ದೀಪ ತಿಕ್ಕಿದ ಹಾಗೆ. ಆದರೆ ಸರಿಯಾಗಿ ಬೇಯದ ಒಡವೆಗೆ ಹುಣಸೆ ಹಚ್ಚಬೇಡಿ, ಹುಳಿ ಒಳಗಿನ ಸಂದುಗಳಿಗೆ ಇಳಿದು, ಎಷ್ಟು ತೊಳೆದರೂ ವಾರಕ್ಕೊಮ್ಮೆ ಹಸಿರು ಕಕ್ಕುತ್ತಾ ಇರುತ್ತದೆ. ನಿಮ್ಮ ಸರ ಹಾಗೆ ಮಾಡುತ್ತಿದ್ದರೆ ಮಾತ್ರ, ಮೈಸೂರಿನವರಿಗೆ ಬರೆದ ಉತ್ತರ ನಿಮಗೂ.